ಹಿಂದಿನ ಬಾಲ್ಕನಿ

ಎಸಿ ಮತ್ತೆ ನಿಂತಿತು. ಕೇಕಿನ ಮೇಲೆ ಕ್ರೀಮಿನ ಗುಲಾಬಿ ಬಿಡಿಸುತ್ತಿದ್ದ ಸ್ಟೆಫಿ ಕೈ ತಡೆದು ಮೇಲೆ ನೋಡಿದಳು. ತಂಪು ಇನ್ನೂ ಮೈಗೆ ತಾಕಿರಲಿಲ್ಲ. ಸ್ವಲ್ಪ ಹೊತ್ತಿಗೆ ಅದು ತಾನಾಗಿಯೇ ಶುರುವಾಯಿತು. ಶುರುವಾದಷ್ಟೇ ಬೇಗ ನಿಂತೂಹೋಯಿತು. ಹಿನಕಲ್‌ನ ಏಪ್ರಿಲ್ ಬಿಸಿಲಿಗೆ ಗುಲಾಬಿಗಳು ಒಂದೊಂದಾಗಿ ಜಾರಿದವು. ನಾಳೆ ಚರ್ಚಿನಲ್ಲಿ ಮೊದಲ ಪರಮಪ್ರಸಾದ ಸ್ವೀಕರಿಸುವ ಮಗುವಿನ ಕೇಕು ಅದು. ಮನೆಯಲ್ಲೇ ಕೇಕು ಮಾಡಿ ಮಾರುವ ಅವಳಿಗೆ ಸಿಕ್ಕ ಮೊದಲ ದೊಡ್ಡ ಆರ್ಡರ್.

ಬೆಳಿಗ್ಗೆಯಷ್ಟೇ ಮೆಕ್ಯಾನಿಕ್ ಮಹದೇವಸ್ವಾಮಿ ಬಂದುಹೋಗಿದ್ದ. ಫಿಲ್ಟರ್ ತೊಳೆದ, ಗ್ಯಾಸ್ ನೋಡಿದ, ಈ ರೂಮಿಗೆ ಎಸಿ ದೊಡ್ಡದಾಯಿತೇನೋ ಎಂದು ಗೋಡೆಯಿಂದ ಗೋಡೆಗೆ ಹೆಜ್ಜೆ ಹಾಕಿದ. ಅವನಿದ್ದಷ್ಟು ಹೊತ್ತೂ ಅದು ನಿಲ್ಲಲೇ ಇಲ್ಲ.

"ಹೊರಗಿನ ಯೂನಿಟ್‌ಗೆ ಗಾಳಿ ಆಡ್ದೇ ಇದ್ರೆ ಕಾದು ಹಿಂಗೆ ನಿಂತ್ಬುಡುತ್ತೆ ಕಣಮ್ಮ. ಆದ್ರೆ ನಿಮ್ದಕ್ಕೆ ಅಡ್ಡ ಏನೂ ಇಲ್ವಲ್ಲ! ನಂಗೂ ತಿಳೀತಿಲ್ಲ," ಎಂದು ತಲೆ ಕೆರೆದುಕೊಂಡು ಹೊರಟಿದ್ದ.

ಹೊರಗಿನ ಯೂನಿಟ್ ಇದ್ದದ್ದು ಅತ್ತೆಯ ಕೋಣೆಯ ಹಿಂದಿನ ಬಾಲ್ಕನಿಯಲ್ಲಿ. ಸ್ಟೆಫಿ ಹೋಗಿ ಬಾಗಿಲು ಬಡಿದಳು.

"ಅತ್ತೆ, ಒಂಚೂರು ತೆಗೀತೀರಾ? ಬಾಲ್ಕನಿ ನೋಡ್ಬೇಕಿತ್ತು."

"ಜಪಸರ ಹೇಳ್ತಿದೀನಿ ಕಣಮ್ಮ. ಆಮೇಲೆ ಬಾ."

ಈ ಮಧ್ಯಾಹ್ನದಲ್ಲಿ ಯಾವ ಜಪಸರ? ಈಚೆಗೆ ಅತ್ತೆ ಅಮಲಮೇರಿ ಸ್ಟೆಫಿಗೆ ಅರ್ಥವೇ ಆಗುತ್ತಿರಲಿಲ್ಲ. ನರ್ಸಾಗಿ ಇಡೀ ವಾರ್ಡನ್ನು ಕಣ್ಣಲ್ಲೇ ಆಳಿದವರು. ಈಗ ಸಂಜೆ ಕಾಫಿ ಬೇಡವೆನ್ನುತ್ತಿದ್ದರು. ಚರ್ಚಿನಲ್ಲಿ ಹಾಡುವುದನ್ನು ಬಿಟ್ಟಿದ್ದರು. ತಮ್ಮ ಬಟ್ಟೆಯನ್ನು ಸೊಸೆ ಮುಟ್ಟಲೂ ಬಿಡದೆ ತಾವೇ ಒಗೆದುಕೊಳ್ಳುತ್ತಿದ್ದರು. ತನ್ನ ಯಾವ ಮಾತು ನಾಟಿತೋ ಎಂದು ಸ್ಟೆಫಿ ಗಂಡ ಆಂಟೋನನ್ನೂ ಕೇಳಿದ್ದಳು. ಅವನಿಗೂ ಗೊತ್ತಿರಲಿಲ್ಲ.

ಅವಳು ತಾರಸಿ ಹತ್ತಿ ಬಗ್ಗಿ ನೋಡಿದಳು. ಯೂನಿಟ್ಟಿನ ಮುಖದ ತುಂಬ ಒದ್ದೆ ಬೆಡ್‌ಶೀಟು! ಬಿಸಿಗಾಳಿಗೆ ಬೇಗ ಒಣಗಲೆಂದು ಅತ್ತೆ ಎರಡೂ ಕಡೆ ಬಿಗಿಯಾಗಿ ಕಟ್ಟಿದ್ದರು. ಮೆಕ್ಯಾನಿಕ್ ಬಂದಾಗ ಬಿಚ್ಚಿಟ್ಟಿರಬೇಕು. ಸ್ಟೆಫಿಗೆ ಮೈಯೆಲ್ಲ ಉರಿಯಿತು. ಇಷ್ಟಗಲ ತಾರಸಿ ಇರುವಾಗ! ಕೂಗಲು ಬಾಯಿ ತೆರೆದವಳಿಗೆ ಕಂಬಿಯ ಮೇಲೆ ಹಾಕಿದ್ದ ರಬ್ಬರ್ ಶೀಟು ಕಂಡಿತು. ಹಾಸಿಗೆ ಒದ್ದೆಯಾಗದಿರಲೆಂದು ಹಸುಗೂಸಿನ ಕೆಳಗೆ ಹಾಸುತ್ತಾರಲ್ಲ, ಅಂಥದ್ದು.

ಆ ಮನೆಯಲ್ಲಿ ಹಸುಗೂಸು ಇರಲಿಲ್ಲ.

ಬಾಯಿ ಮುಚ್ಚಿಕೊಂಡು ಹಿಂದೆ ಸರಿದಳು. ಕೇಳುವುದೇ? ಕಂಡೇ ಇಲ್ಲವೆಂದು ಇರುವುದೇ? ಆಂಟೋಗೆ ಹೇಳಿದರೆ ಅತ್ತೆಗೆ ದ್ರೋಹವೇ, ಹೇಳದಿದ್ದರೆ? ಡಾಕ್ಟರ ಹತ್ತಿರ ಕರೆದೊಯ್ಯಬೇಕು, ಆದರೆ ಆ ಮಾತು ಎತ್ತುವುದು ಹೇಗೆ?  ಕೊನೆಗೆ ಮೂಲೆಯಲ್ಲಿದ್ದ ಹಗ್ಗ ತೆಗೆದು, ಪಕ್ಕದ ಮನೆಗಳಿಗೆ ಕಾಣದ ಹಾಗೆ ನೀರಿನ ಟ್ಯಾಂಕಿನ ಹಿಂದೆ ಕಟ್ಟಿದಳು.

ಕೆಳಗೆ ಬಂದು ಮುಚ್ಚಿದ ಬಾಗಿಲಿಗೇ ಹೇಳಿದಳು: "ಅತ್ತೆ, ಆ ಯೂನಿಟ್ ಮೇಲೆ ಏನಾದ್ರೂ ಹಾಕಿದ್ರೆ ಎಸಿ ನಿಲ್ಲುತ್ತಂತೆ. ಟ್ಯಾಂಕ್ ಹಿಂದೆ ಹಗ್ಗ ಕಟ್ಟಿದೀನಿ. ಅಲ್ಲಿ ಯಾರೂ ಹೋಗಲ್ಲ. ನಾನೂ ಹೋಗಲ್ಲ."

 ತಪ್ಪು ಮಾಡಿದೆನೇನೋ ಎಂದುಕೊಳ್ಳುತ್ತ ಕೇಕಿನತ್ತ ಹೊರಟಳು.

ಅಷ್ಟರಲ್ಲಿ ಚಿಲಕ ಸರಿಯಿತು. ಅಮಲಮೇರಿ ಒದ್ದೆ ಬೆಡ್‌ಶೀಟಿನ ಬಕೆಟ್ ಹಿಡಿದು ಹೊರಬಂದರು. ಸೊಸೆಯ ಮುಖ ನೋಡಲಿಲ್ಲ.

"ಕ್ಲಿಪ್ ಎಲ್ಲಿಟ್ಟಿದೀಯೆ?"

ಸ್ಟೆಫಿ ತಂದುಕೊಟ್ಟಳು. ಅತ್ತೆ ಒಂದು ಕೈಯಲ್ಲಿ ಕಂಬಿ ಹಿಡಿದು ಮೆಟ್ಟಿಲು ಹತ್ತತೊಡಗಿದರು. ಬಕೆಟ್ಟಿನ ಭಾರಕ್ಕೆ ಒಂದು ಭುಜ ಇಳಿದಿತ್ತು. ಹೋಗಿ ಹಿಡಿಯಲೋ ಬೇಡವೋ ಎಂದು ಸ್ಟೆಫಿ ಕೆಳಗಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತೇ ಇದ್ದಳು.