ಮೂರನೆಯ ಸುತ್ತು

ಬೋಲ್ಟು ಎರಡು ಸುತ್ತು ಸಲೀಸಾಗಿ ಹೋಗಿ, ಮೂರನೆಯದಕ್ಕೆ ಹಿಡಿಯಿತು. ಬರ್ನಾರ್ಡ್ ಸ್ಪ್ಯಾನರಿಗೆ ಕೈ ಚಾಚಿದ.

"ಬೆರಳಿಗೆ ಹೋಗದ್ದನ್ನ ಸ್ಪ್ಯಾನರಿಗೆ ಕೊಡಬೇಡ," ಎಂದಳು ಮ್ಯೂರಿಯಲ್. ಈನಕ್‌ನ ಹೆಂಡತಿ ಅವಳು; ಕಪ್ಪು ಕೋಟು ತೊಟ್ಟು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. "ನಮ್ಮ ಈನಕ್ ಇದ್ದಿದ್ರೆ ಕೈ ಮೇಲೆ ಬಾರಿಸ್ತಿದ್ದ."

"ಇವತ್ತೊಂದಿನ ಸುಮ್ನೆ ಮಲಗಿರ್ತಾನೆ ಬಿಡು," ಎಂದ ಅವಳ ತಮ್ಮ ಸ್ಟ್ಯಾನ್ಲಿ.

ಈನಕ್ ಮುಂದಿನ ಕೋಣೆಯಲ್ಲಿ ಶವಪೆಟ್ಟಿಗೆಯೊಳಗಿದ್ದ. ನಲವತ್ತು ವರ್ಷ ನೆದರ್ಟನ್ ಊರಿನ ಹಳೆಯ ಮೋಟಾರ್‌ಸೈಕಲ್ಲುಗಳಿಗೆಲ್ಲ ಅವನೇ ವೈದ್ಯ. ಗುಡ್ಡದ ಮೇಲಿನ ಚರ್ಚಿಗೆ ತನ್ನನ್ನು ತನ್ನ ಸೈಡ್‌ಕಾರ್ ಗಾಡಿಯಲ್ಲೇ ಒಯ್ಯಬೇಕು, ಗಾಡಿಯನ್ನು ಬರ್ನಾರ್ಡನೇ ಓಡಿಸಬೇಕು ಎಂದು ಹೇಳಿ ಸತ್ತಿದ್ದ. ಸೈಡ್‌ಕಾರಿನ ತೊಟ್ಟಿ ಕಳಚಿ ಹಲಗೆ ಹಾಸಿದ್ದಾಗಿತ್ತು. ಆ ಹಲಗೆಗೆ ನಾಲ್ಕು ಬೋಲ್ಟು ಬೇಕಿತ್ತು.

ಬರ್ನಾರ್ಡ್ ಬೋಲ್ಟನ್ನು ಹಿಂದಕ್ಕೆ ತಿರುಗಿಸಿ ತೆಗೆದ. ತೂತಿನೊಳಗಿನ ಸುತ್ತುಗೆರೆ, ಅಂದರೆ ಥ್ರೆಡ್ಡು, ಇಂಚಿಗೆ ಇಪ್ಪತ್ತಾರು, ಬೋಲ್ಟಿನದು ಇಪ್ಪತ್ನಾಲ್ಕು. ಕಣ್ಣಿಗೆ ಎರಡೂ ಒಂದೇ. ಬಲವಂತ ಮಾಡಿದರೆ ಹೋಗುತ್ತದೆ, ಆದರೆ ತೂತಿನ ಥ್ರೆಡ್ಡನ್ನು ಕೆರೆದುಕೊಂಡು ಹೋಗುತ್ತದೆ.

"ಇದ್ರಲ್ಲಿ ಸರಿಯಾದ್ದು ಇದ್ಯಾ ನೋಡು," ಮ್ಯೂರಿಯಲ್ ತಂಬಾಕಿನ ಹಳೆಯ ಡಬ್ಬಿಯೊಂದನ್ನು ಕೊಟ್ಟಳು. "ಅವನ ಬೆಂಚಿನ ಹಿಂದೆ ಸಿಕ್ತು."

ಮುಚ್ಚಳದ ಮೇಲೆ ಈನಕ್‌ನ ಅಕ್ಷರ: *ಲಯನೆಲ್, 1961*. ಒಳಗೆ ಒಂದೇ ಬೋಲ್ಟು. ಅದರ ಥ್ರೆಡ್ಡಿನ ತುಂಬ ಕಿತ್ತು ಬಂದ ಅಲ್ಯುಮಿನಿಯಂ. ತಲೆಯ ಮೇಲೆ ಒಂದಕ್ಕೊಂದು ತಾಗಿದ ಮೂರು ಸಣ್ಣ ವೃತ್ತ.

ಬರ್ನಾರ್ಡನಿಗೆ ಆ ಗುರುತು ಗೊತ್ತು: ಇಂಚಿಗೆ ಇಪ್ಪತ್ನಾಲ್ಕು ಥ್ರೆಡ್ಡಿನ ಕಾರಿನ ಬೋಲ್ಟು. ಈನಕ್ ಆ ಗುರುತಿನ ಬೋಲ್ಟನ್ನು ತನ್ನ ರಿಪೇರಿ ಅಂಗಡಿಯೊಳಗೆ ಬಿಟ್ಟುಕೊಂಡವನೇ ಅಲ್ಲ. ತಾನು ಹಗಲು ಕೆಲಸ ಮಾಡುತ್ತಿದ್ದ ಕಾರು ಕಾರ್ಖಾನೆಯಿಂದ ಅವನ್ನು ಜೇಬಿನಲ್ಲಿ ತರುತ್ತಿದ್ದವನು, ಬಿಡುವಿನಲ್ಲಿ ಈ ಅಂಗಡಿಯಲ್ಲಿ ದುಡಿಯುತ್ತಿದ್ದ ಬರ್ನಾರ್ಡ್ ಒಬ್ಬನೇ.

* * *

1961ರ ಆ ಶನಿವಾರ ಈನಕ್ ಅಂಗಡಿಯಲ್ಲಿರಲಿಲ್ಲ. ಅವನ ತಮ್ಮ ಲಯನೆಲ್ ಗಾಡಿ ತಂದ. ಮುಂದಿನ ಬ್ರೇಕಿನ ತಟ್ಟೆಯನ್ನು ಹಿಡಿದಿಡುವ ಬೋಲ್ಟು ಬಿದ್ದುಹೋಗಿತ್ತು, ತೂತಿನ ಥ್ರೆಡ್ಡೂ ಸವೆದಿತ್ತು.

"ತೂತು ದೊಡ್ಡದು ಮಾಡಿ ಒಳಗೆ ಹೊಸ ಥ್ರೆಡ್ಡಿರೋ ಲೋಹದ ಬುಷ್ ಕೂರಿಸ್ಬೇಕು. ಸೋಮವಾರ ಬಾ," ಎಂದ ಬರ್ನಾರ್ಡ್.

"ಹೆಸ್ಟರ್ ತಯಾರಾಗಿ ಕೂತಿದ್ದಾಳೆ ಮಾರಾಯ. ಊಟಕ್ಕೆ ಅವಳಮ್ಮನ ಮನೆಗೆ ಹೋಗ್ಬೇಕು. ಏನಾದ್ರೂ ಒಂದು ಹಾಕಿಕೊಡು."

ಬರ್ನಾರ್ಡ್ ಜೇಬಿಗೆ ಕೈ ಹಾಕಿದ. ಕಾರ್ಖಾನೆಯ ಬೋಲ್ಟೊಂದು ಎರಡು ಸುತ್ತು ಹೋಯಿತು, ಮೂರನೆಯದಕ್ಕೆ ಬಿಗಿಯಾಯಿತು. ಬಿಗಿಯಾದದ್ದೇ ಒಳ್ಳೆಯದಾಯಿತು ಎಂದುಕೊಂಡು ಸ್ಪ್ಯಾನರ್ ಎಳೆದ.

ಅತ್ತೆಯ ಮನೆಯ ಇಳಿಜಾರಿನಲ್ಲಿ ಲಯನೆಲ್ ಬ್ರೇಕು ಒತ್ತಿದಾಗ ಬೋಲ್ಟು ಕಿತ್ತು ಬಂತು. ಹಿಂದೆ ಕೂತಿದ್ದ ಹೆಂಡತಿ ಹೆಸ್ಟರಳ ಕಾಲು ಮುರಿಯಿತು. ಲಯನೆಲ್ ಅಲ್ಲೇ ಹೋದ.

ಸಾವಿನ ವಿಚಾರಣೆಯಲ್ಲಿ ಈನಕ್ ಎದ್ದು ನಿಂತು, "ಬೋಲ್ಟು ಹಾಕಿದ್ದು ನಾನೇ," ಎಂದ. ಬರ್ನಾರ್ಡ್ ತುಟಿ ಪಿಟಕ್ಕೆನ್ನಲಿಲ್ಲ. ಆ ವಾರ ಈನಕ್ಕೂ ತಮ್ಮನ ಗಾಡಿಗೆ ಕೈ ಹಚ್ಚಿದ್ದ; ತಾನೇ ಹಾಕಿದ್ದೆಂದು ನಂಬಿದ್ದಾನೆ, ನಂಬಿಕೊಳ್ಳಲಿ ಎಂದು ಬರ್ನಾರ್ಡ್ ತನಗೆ ತಾನೇ ಹೇಳಿಕೊಂಡ. ಹೊರಗೆ ಬಂದಮೇಲೆ ಈನಕ್ ಅವನ ಕಡೆ ನೋಡದೆ, "ಮನೆಗೆ ಹೋಗು. ನಿನ್ನ ಹೆಂಡತಿ ತುಂಬಿದ ಬಸುರಿ, ಒಬ್ಬಳೇ ಇದ್ದಾಳೆ," ಎಂದಿದ್ದ.

ಮುಂದೆ ಮೂವತ್ತೊಂದು ವರ್ಷ ಇಬ್ಬರೂ ಒಂದೇ ಬೆಂಚಿನಲ್ಲಿ ದುಡಿದರು. ಬ್ರೇಕಿನ ಕೆಲಸವನ್ನು ಮಾತ್ರ ಈನಕ್ ಮತ್ತೆ ಅವನ ಕೈಗೆ ಕೊಡಲಿಲ್ಲ.

* * *

ಪೆಟ್ಟಿಗೆಯನ್ನು ಹಲಗೆಗೆ ಬಿಗಿದದ್ದಾಯಿತು. ಸರಿಯಾದ ನಾಲ್ಕು ಬೋಲ್ಟುಗಳನ್ನು ಹುಡುಕಿ, ಕೊನೆಯವರೆಗೂ ಬೆರಳಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಸ್ಪ್ಯಾನರ್ ಹಿಡಿದಿದ್ದ ಬರ್ನಾರ್ಡ್. ಡಬ್ಬಿ ಅವನ ಕೋಟಿನ ಜೇಬಿನಲ್ಲಿತ್ತು. ಗಾಡಿ ಏರಿ ಕೂತ.

ಆಗ ಕೋಲೂರಿಕೊಂಡು ಹೆಸ್ಟರ್ ಬಂದಳು.

"ಒಳಗೆ ಬಾ ಹೆಸ್ಟರ್, ಟೀ ಕುಡಿ," ಎಂದಳು ಮ್ಯೂರಿಯಲ್.

"ಟೀಗೆ ಬಂದಿಲ್ಲ. ಸ್ವಂತ ತಮ್ಮನನ್ನೇ ತಿಂದವನ ಮೇಲೆ ಮಣ್ಣು ಬೀಳೋದನ್ನ ನೋಡಿ ಹೋಗ್ತೀನಿ."

ಮ್ಯೂರಿಯಲ್ ತಲೆ ತಗ್ಗಿಸಿದಳು. ಈ ಮಾತನ್ನು ಕೇಳಿ ಕೇಳಿ ಅವಳ ಕೂದಲು ನೆರೆತಿತ್ತು. ಬರ್ನಾರ್ಡ್ ಸುಮ್ಮನೆ ಗಾಡಿ ಒದ್ದು ಹೊರಟಿದ್ದರೆ ಈನಕ್ ಆ ಹೆಸರು ಹೊತ್ತೇ ಮಣ್ಣಿಗೆ ಹೋಗುತ್ತಿದ್ದ, ಕೇಳುವವರೂ ಇರಲಿಲ್ಲ. ಅವನ ಕಾಲು ಕಿಕ್ಕಿನ ಮೇಲಿತ್ತು. ತೆಗೆದ.

"ಹೆಸ್ಟರ್, ಆ ಬೋಲ್ಟು ಹಾಕಿದ್ದು ನಾನು." ಡಬ್ಬಿ ತೆರೆದು ಹಿಡಿದ. "ಇದು ನಮ್ಮ ಕಾರ್ಖಾನೇದು. ಈನಕ್ ಎತ್ತಿಟ್ಕೊಂಡಿದ್ದ."

ಹೆಸ್ಟರ್ ಬಗ್ಗಿ ಬೋಲ್ಟನ್ನು ನೋಡಿದಳು.

"ಈನಕ್ ಪ್ರತಿ ಕ್ರಿಸ್‌ಮಸ್ಸಿಗೆ ನನ್ನ ಬಾಗಿಲಲ್ಲಿ ಕಲ್ಲಿದ್ದಲ ಮೂಟೆ ಇಟ್ಟು ಹೋಗ್ತಿದ್ದ," ಎಂದಳು. "ಚಳೀಲಿ ನಡುಗಿದ್ರೂ ಉರಿಸ್ತಿರಲಿಲ್ಲ ನಾನು. ಚರಂಡಿಗೆ ಸುರೀತಿದ್ದೆ, ಅವನ ಕಣ್ಣೆದುರಿಗೇ."

"ನಾನೇ ಹಾಕಿದ್ದು ಅಂತ ಅವನಿಗೆ ಗೊತ್ತಿಲ್ಲ ಅಂದ್ಕೊಂಡಿದ್ದೆ," ಎಂದ ಬರ್ನಾರ್ಡ್.

"ನಿನಗೆ ಗೊತ್ತಿತ್ತಲ್ಲ."

ಹೆಸ್ಟರ್ ಕೈಗವಸು ಕಳಚಿ, ಬರಿಗೈಯನ್ನು ಪೆಟ್ಟಿಗೆಯ ಮೇಲಿಟ್ಟಳು.

"ಗಾಡಿಯಿಂದ ಇಳಿ," ಎಂದಳು ಮ್ಯೂರಿಯಲ್, ದನಿ ಏರಿಸದೆ.

"ನಾನೇ ಓಡಿಸ್ಬೇಕು ಅಂತ ಅವನು..."

"ಗೊತ್ತು. ಇಳಿ."

ಇಳಿದ. ಆ ಗಾಡಿ ಓಡಿಸಲು ಬಲ್ಲವರು ಬೇರೆ ಯಾರೂ ಇರಲಿಲ್ಲ. ಸ್ಟ್ಯಾನ್ಲಿ ಹ್ಯಾಂಡಲ್ ಹಿಡಿದ, ಮಣ್ಣಿಗೆ ಬಂದಿದ್ದ ಉಳಿದವರು ತಳ್ಳಿದರು. ಹೆಸ್ಟರ್ ಕೋಲನ್ನು ಪೆಟ್ಟಿಗೆಯ ಪಕ್ಕ ಹಲಗೆಯ ಮೇಲಿಟ್ಟು, ಹಿಂದಿನಿಂದ ಎರಡೂ ಕೈ ಕೊಟ್ಟು ಕುಂಟುತ್ತ ತಳ್ಳಿದಳು.

ಬರ್ನಾರ್ಡ್ ಡಬ್ಬಿ ಹಿಡಿದು ಶೆಡ್ಡಿನ ಬಾಗಿಲಲ್ಲೇ ನಿಂತ. ಎಂಜಿನ್ ಸದ್ದಿಲ್ಲದೆ ಗಾಡಿ ಕಲ್ಲುಹಾಸಿನ ರಸ್ತೆಯಲ್ಲಿ ಕುಲುಕುತ್ತ ಗುಡ್ಡ ಹತ್ತಿತು. ಅವನು ಹಾಕಿದ ನಾಲ್ಕು ಬೋಲ್ಟುಗಳಲ್ಲಿ ಒಂದೂ ಸಡಿಲವಾಗಲಿಲ್ಲ.