ಇಂಟರ್‌ವಲ್ ಆದ ಮೇಲೆ

ವಚನಾ ಮೊಬೈಲನ್ನು ಊಟದ ಮೇಜಿನ ಮೇಲೆ ನೀರಿನ ಜಗ್ಗಿಗೆ ಒರಗಿಸಿ ರೆಕಾರ್ಡಿಂಗ್ ಹಾಕಿದಳು. ಜ್ಞಾನಭಾರತಿಯಲ್ಲಿ ಎಂ.ಎ. ಓದುತ್ತಿದ್ದ ಅವಳು ಎರಡು ಸಾವಿರದ ಇಸವಿಯ ಸಿನಿಮಾಗಳ ಬಗ್ಗೆ ಪ್ರಬಂಧ ಬರೆಯಬೇಕಿತ್ತು. ಆ ಸಿನಿಮಾಗಳನ್ನು ಥಿಯೇಟರಿನಲ್ಲಿ ಕೂತು ನೋಡಿದ ಹೆಂಗಸರನ್ನು ಮಾತಾಡಿಸು ಎಂದಿದ್ದರು ಮೇಷ್ಟ್ರು.

"ಅಮ್ಮ, ನೆನಪಿರೋದೆಲ್ಲ ಹೇಳು."

ನೀಲಗಂಗಮ್ಮ ಅವಳನ್ನು ಹೆತ್ತವರಲ್ಲ, ದೊಡ್ಡಮ್ಮ. ಹೆತ್ತ ತಾಯಿ ಶಿವರಂಜನಿ, ಇವಳು ಹುಟ್ಟಿದ ದಿನವೇ ತೀರಿಕೊಂಡಿದ್ದಳು. ತಂದೆ ಬೇರೆ ಮದುವೆಯಾಗಿ ಹುಬ್ಬಳ್ಳಿ ಸೇರಿದ್ದ. ತಾಯಿ ಬಿಪಿ ಜಾಸ್ತಿಯಾಗಿ ಹೋದಳು ಎನ್ನುವಷ್ಟೇ ವಚನಾಳಿಗೆ ಗೊತ್ತಿತ್ತು.

ಆ ವರ್ಷದ ಸಿನಿಮಾ ಎಂದರೆ ನೀಲಗಂಗಮ್ಮನವರಿಗೆ ಶಿವರಂಜನಿಯೇ. ದಾವಣಗೆರೆಯಿಂದ ಮದುವೆಯಾಗಿ ಬಂದ ತಂಗಿ ಚಂದ್ರಾ ಲೇಔಟಿನಲ್ಲೇ ಪಕ್ಕದ ಕ್ರಾಸಿನಲ್ಲಿದ್ದಳು. ಅಡುಗೆ ಮುಗಿಸಿ ಇಬ್ಬರೂ ವಿಜಯನಗರಕ್ಕೆ ಮ್ಯಾಟಿನಿಗೆ ಹೋಗುತ್ತಿದ್ದರು, ವ್ಯಾನಿಟಿ ಬ್ಯಾಗಿನಲ್ಲಿ ಒಗ್ಗರಣೆ ಮಂಡಕ್ಕಿ ಬಚ್ಚಿಟ್ಟುಕೊಂಡು.

"ವಿಲನ್ ಬಂದ್ರೆ ಸಾಕು, 'ಹಿಂದೆ ನೋಡೇ, ಹಿಂದೆ ನೋಡೇ' ಅಂತ ಹೀರೋಯಿನ್‌ಗೆ ಕೂಗಿ ಹೇಳ್ತಿದ್ಲು ನಿಮ್ಮಮ್ಮ. ನಂಗೆ ನಾಚಿಕೆಯಾಗಿ ಸೆರಗು ಮುಖದ ಮೇಲೆ ಎಳ್ಕೋತಿದ್ದೆ."

ವಚನಾ ನಕ್ಕಳು. ತಾಯಿಯ ಬಗ್ಗೆ ಇಷ್ಟೊಂದು ಮಾತು ಅವಳು ಯಾವತ್ತೂ ಕೇಳಿರಲಿಲ್ಲ. ನೀಲಗಂಗಮ್ಮನವರಿಗೂ ಹೇಳುತ್ತಾ ಹೇಳುತ್ತಾ ಮೈ ಹಗುರಾದಂತಾಯಿತು. ಆ ವರ್ಷ ಊರಲ್ಲಿ ಗಲಾಟೆಯಾಗಿ ಥಿಯೇಟರುಗಳು ಎಷ್ಟೋ ದಿನ ಮುಚ್ಚಿದ್ದವು. ಬಸುರಿ ಶಿವರಂಜನಿ ದಿನಾ ಪೇಪರ್ ತೆಗೆದು ಸಿನಿಮಾ ಪುಟವನ್ನೇ ಹುಡುಕುತ್ತಿದ್ದಳು.

"ಇಬ್ರೂ ಒಟ್ಟಿಗೆ ಕೊನೇದಾಗಿ ನೋಡಿದ್ದು ಯಾವ್ದು?"

ಯಾವುದೋ ಒಂದು ಹೆಸರು ಹೇಳಿ ಎದ್ದುಬಿಡಬಹುದಿತ್ತು. ನೀಲಗಂಗಮ್ಮನವರಿಗೆ ಬಾಯಿ ಬರಲಿಲ್ಲ.

"ಅದನ್ನ ಆಫ್ ಮಾಡು," ಎಂದರು ಮೊಬೈಲ್ ಕಡೆ ನೋಡಿ. ಆಮೇಲೆ ಹೇಳಿದರು.

ಡಿಸೆಂಬರ್ ತಿಂಗಳು. ಶಿವರಂಜನಿಗೆ ಎಂಟು ತಿಂಗಳು, ಕಾಲು ಊದಿತ್ತು. ಬಸುರಿಯರಿಗೆ ಅದೆಲ್ಲ ಇದ್ದದ್ದೇ ಎಂದುಕೊಂಡು ಇಬ್ಬರೂ ಹೊರಟಿದ್ದರು. ಇಂಟರ್‌ವಲ್‌ನಲ್ಲಿ ಅವಳು ತಲೆ ಹಿಡಿದುಕೊಂಡಳು. "ಅಕ್ಕ, ತಲೆ ಸಿಡೀತಿದೆ ಕಣೇ." ನೀಲಗಂಗಮ್ಮ ಕಾಫಿ ತಂದುಕೊಟ್ಟರು. ಸಿನಿಮಾ ಮತ್ತೆ ಶುರುವಾಯಿತು. ಸ್ವಲ್ಪ ಹೊತ್ತಿಗೆ, "ಪರದೆ ಯಾಕೋ ಮಂಜುಮಂಜಾಗಿ ಕಾಣ್ತಿದೆ. ಮನೆಗೆ ಹೋಗೋಣ್ವಾ?" ಎಂದಳು. ಸಿನಿಮಾದಲ್ಲಿ ಆಗಷ್ಟೇ, ಕಳೆದುಹೋಗಿದ್ದ ಮಗಳು ತಾಯಿ ಇರುವ ಊರಿಗೆ ಬಂದು ಇಳಿದಿದ್ದಳು.

"ಇನ್ನೇನ್ ಮುಗಿಯತ್ತೆ, ಸ್ವಲ್ಪ ಇರೇ," ಅಂದರು ನೀಲಗಂಗಮ್ಮ, ಪರದೆಯಿಂದ ಕಣ್ಣು ತೆಗೆಯದೆ.

ಶಿವರಂಜನಿ ಸುಮ್ಮನೆ ಅಕ್ಕನ ಹೆಗಲಿಗೆ ತಲೆಯಾನಿಸಿದಳು. ದೀಪ ಹತ್ತಿದಾಗ ಎದ್ದವಳು ಎರಡು ಹೆಜ್ಜೆ ಇಟ್ಟು ಬಿದ್ದಳು. ಕೈಕಾಲು ಸೆಟೆದುಕೊಂಡು ಫಿಟ್ಸ್ ಬಂತು. ಯಾರೋ ಆಟೋ ಹತ್ತಿಸಿದರು. ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಮಾಡಿ ಮಗುವನ್ನು ಉಳಿಸಿದರು. ತಾಯಿ ಇನ್ನೊಂದು ಗಂಟೆ ಇದ್ದಳು, ಅಷ್ಟೇ.

'ತಲೆನೋವು ಬಂದ ತಕ್ಷಣ ಕರ್ಕೊಂಡ್ ಬರ್ಬೇಕಿತ್ತಮ್ಮ' ಎಂದಿದ್ದರು ಡಾಕ್ಟರು. ಆ ಮಾತನ್ನು ನೀಲಗಂಗಮ್ಮ ಯಾರಿಗೂ ಹೇಳಲಿಲ್ಲ, ಗಂಡ ಏಕಾಂತಯ್ಯನವರಿಗೂ ಅವರು ತೀರಿಕೊಳ್ಳುವವರೆಗೆ ಹೇಳಲಿಲ್ಲ. ಟಿವಿಯಲ್ಲಿ ಸಿನಿಮಾ ಹಾಕಿದರೆ ಅಡುಗೆಮನೆಗೆ ಹೋಗಿಬಿಡುತ್ತಿದ್ದರು. ತಂಗಿಯ ದುಃಖ ಎಂದುಕೊಂಡು ಮನೆಯವರು ಸೌಂಡ್ ಕಡಿಮೆ ಮಾಡುತ್ತಿದ್ದರು. ಆ ಮರ್ಯಾದೆಯೇ ಅವರನ್ನು ಹೆಚ್ಚು ಸುಟ್ಟದ್ದು.

ವಚನಾ ಮೊಬೈಲನ್ನು ಮೇಜಿನ ಮೇಲೆ ಮಗುಚಿಟ್ಟಳು.

"ಅವ್ಳು ಹೋಗೋಣ ಅಂದ್ಮೇಲೆ ಎಷ್ಟೊತ್ತು ಕೂತಿದ್ರಿ?"

"ಮುಕ್ಕಾಲು ಗಂಟೆ."

ಅವಳು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಮೇಲೆ ಮೂರು ದಿನ ಅಮ್ಮ ಎಂದು ಕರೆಯಲಿಲ್ಲ, ಏನೆಂದೂ ಕರೆಯಲಿಲ್ಲ. ಮಾಡಿಟ್ಟ ಉಪ್ಪಿಟ್ಟು ತಟ್ಟೆಯಲ್ಲೇ ಆರುತ್ತಿತ್ತು. ಹೇಳಬಾರದಿತ್ತೇನೋ ಎಂದು ನೀಲಗಂಗಮ್ಮ ಒದ್ದಾಡಿದರು. ಆದರೂ ಹೇಳಿದ್ದನ್ನು ವಾಪಸ್ಸು ತೆಗೆದುಕೊಳ್ಳಬೇಕು ಅನ್ನಿಸಲಿಲ್ಲ.

ಭಾನುವಾರ ಬೆಳಿಗ್ಗೆ ವಚನಾ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಳು. "ಆ ಥಿಯೇಟರ್ ತೋರ್ಸು."

ಥಿಯೇಟರ್ ಇರಲಿಲ್ಲ. ಕೆಡವಿ ನಾಲ್ಕು ಮಹಡಿಯ ಬಟ್ಟೆ ಅಂಗಡಿ ಕಟ್ಟಿ ವರ್ಷಗಳಾಗಿದ್ದವು. ಇಬ್ಬರೂ ಎದುರಿನ ಫುಟ್‌ಪಾತಿನಲ್ಲಿ ನಿಂತರು.

"ತಕ್ಷಣ ಎದ್ದಿದ್ರೆ ಬದುಕ್ತಿದ್ಲಾ?"

"ಗೊತ್ತಿಲ್ಲ ಕಂದ. ಬದುಕ್ತಿದ್ಲು ಅಂತ್ಲೇ ನಾನು ಅಂದ್ಕೊಂಡಿರೋದು."

ವಚನಾ ಕಣ್ಣೊರೆಸಿಕೊಂಡಳು. "ನಂಗೆ ಕೋಪ ಇದೆ ಅಮ್ಮ. ಯಾವಾಗ ಹೋಗತ್ತೋ, ಹೋಗತ್ತೋ ಇಲ್ವೋ, ಗೊತ್ತಿಲ್ಲ."

"ಇರ್ಲಿ," ಎಂದರು ನೀಲಗಂಗಮ್ಮ.

ವಾಪಸ್ಸು ಹೊರಟರು. ಬಸ್ಸು, ಬೈಕುಗಳ ನಡುವೆ ದಾರಿ ಸಿಗದೆ ನೀಲಗಂಗಮ್ಮ ತಡವರಿಸಿದಾಗ ವಚನಾ ಅವರ ಮೊಣಕೈ ಹಿಡಿದು ರಸ್ತೆ ದಾಟಿಸಿದಳು. ಆಚೆ ಬದಿ ಸೇರಿದ ಮೇಲೆ ಕೈ ಬಿಟ್ಟು ಮುಂದೆ ನಡೆದಳು. ಅವಳನ್ನು ಹಿಂದಿನಿಂದ ನೋಡುತ್ತಾ, ಅವಳಷ್ಟು ಬಿರುಸಾಗಿ ನಡೆಯಲಾರದೆ, ನೀಲಗಂಗಮ್ಮ ಮನೆಯ ದಾರಿ ಹಿಡಿದರು.