ಬೆಂಕಿ ಬಾರದ ಮೂರು ಕಾರ್ಡು

ರಾಗಿಣಿ ಮೇಡಂ ಹೇಳಿಕೊಟ್ಟ ಹಾಗೆಯೇ ಮೇಜು ಸಿದ್ಧ ಮಾಡಿದ್ದೆ. ಉತ್ತರಕ್ಕೆ ಬಟ್ಟಲಲ್ಲಿ ಉಪ್ಪು, ಅದು ಭೂಮಿ. ಪೂರ್ವಕ್ಕೆ ಊದುಬತ್ತಿ, ಅದು ಗಾಳಿ. ದಕ್ಷಿಣಕ್ಕೆ ಮೇಣದಬತ್ತಿ, ಪಶ್ಚಿಮಕ್ಕೆ ಲೋಟದಲ್ಲಿ ನೀರು. ಹೊರದೇಶದಲ್ಲಿ ವಿಕ್ಕಾ ಎಂಬ ಪಂಥದವರು ಹೀಗೆ ಇಡುತ್ತಾರಂತೆ. ದಿಕ್ಕು ತಪ್ಪಬಾರದೆಂದು ಫೋನಿನಲ್ಲಿ ದಿಕ್ಸೂಚಿ ತೆರೆದರೆ ಅದು ಒಂದೊಂದು ಸಲ ಒಂದೊಂದು ಕಡೆ ಉತ್ತರ ತೋರಿಸಿತು. ಕೊನೆಗೆ ಸಂಜೆ ಬಿಸಿಲು ಬೀಳುವ ಕಿಟಕಿಯನ್ನೇ ನಂಬಿದೆ.

"ಭೂತಗಳು ಐದು ಅಲ್ವೇನೇ ವತ್ಸಲಾ? ಒಂದಕ್ಕೆ ರಜಾನಾ?" ಎಂದರು ಸೋಫಾದಲ್ಲಿದ್ದ ನನ್ನ ಗಂಡ ಗೋಪೀನಾಥ.

"ಅವರಲ್ಲಿ ನಾಲ್ಕು ರೀ. ಐದನೇದು ಆತ್ಮ. ಅದನ್ನ ಮೇಜಿನ ಮೇಲೆ ಇಡಕ್ಕಾಗಲ್ಲ."

"ನನ್ನ ಆತ್ಮಕ್ಕೆ ಕಾಫಿ ಬೇಕಂತೆ. ಅದನ್ನಾದ್ರೂ ಮೇಜಿನ ಮೇಲೆ ಇಡು."

ವಿಜಯನಗರದಲ್ಲಿ ಬೇಕರಿಯ ಮೇಲಿನ ಕೋಣೆಯಲ್ಲಿ ಸಂಜೆ ಹೊತ್ತು ರಾಗಿಣಿ ಮೇಡಂ ಭವಿಷ್ಯ ನೋಡುವ ಟ್ಯಾರೋ ಕಾರ್ಡಿನ ತರಗತಿ ನಡೆಸುತ್ತಾರೆ. ಅಲ್ಲಿ ನಾನು ಕಲಿತವಳು. ಕತ್ತಿಯ ಕಾರ್ಡು ಎಂದರೆ ಗಾಳಿ, ಅಂದರೆ ಯೋಚನೆ, ಮಾತು. ಬಟ್ಟಲು ನೀರು, ಅಂದರೆ ಮನಸ್ಸು. ನಾಣ್ಯ ಭೂಮಿ, ಅಂದರೆ ಮನೆಮಠ. ಕೋಲು ಬೆಂಕಿ, ಅಂದರೆ ಮುಂದೆ ಹೆಜ್ಜೆ ಇಡುವ ಹುಮ್ಮಸ್ಸು. ಇದುವರೆಗೆ ಮನೆಯವರನ್ನು ಬಿಟ್ಟರೆ ಬೇರೆ ಯಾರಿಗೂ ಕಾರ್ಡು ನೋಡಿ ಹೇಳಿರಲಿಲ್ಲ. ಹೊರಗಿನಿಂದ ಬರುತ್ತಿರುವವರಲ್ಲಿ ಎದುರುಮನೆಯ ಶಿವಕ್ಕನೇ ಮೊದಲು. ಏನಾದರೂ ತಪ್ಪು ಹೇಳಿಬಿಟ್ಟರೆ ಎಂದು ಮಧ್ಯಾಹ್ನದಿಂದ ನನಗೆ ಊಟವೂ ಸೇರಿರಲಿಲ್ಲ.

ಶಿವಕ್ಕ ದಾವಣಗೆರೆ ಕಡೆಯವರು. ಬೆಂಗಳೂರಿನ ಮೂಡಲಪಾಳ್ಯಕ್ಕೆ ಬಂದು ಅರ್ಧ ಆಯಸ್ಸು ಕಳೆದರೂ ಅವರ ಮಾತು ಮಾತ್ರ ಊರು ಬಿಟ್ಟು ಬಂದಿಲ್ಲ. ಬಂದವರೇ ಮೇಜು ನೋಡಿ ಬಾಗಿಲಲ್ಲೇ ನಿಂತರು.

"ಏನವ್ವ ಇದು! ಯಮನ ದಿಕ್ಕಿಗೆ ದೀಪ ಇಟ್ಟೀಯಲ್ಲ!"

"ಅವರ ಪದ್ಧತೀಲಿ ಹಾಗೇ ಶಿವಕ್ಕ..."

"ಅವರ ಪದ್ಧತಿ ಅವರ ಮನ್ಯಾಗ. ಈ ಮನಿ ಐತಲ್ಲ, ಇದು ವಾಸ್ತು ನೋಡಿ ಕಟ್ಟಿದ್ದು." ನಾನು ಬಾಯಿ ತೆರೆಯುವಷ್ಟರಲ್ಲಿ ಮೇಣದಬತ್ತಿ ಆಗ್ನೇಯಕ್ಕೆ ಹೋಗಿತ್ತು, ನೀರು ಈಶಾನ್ಯಕ್ಕೆ. ಊದುಬತ್ತಿ ವಾಯವ್ಯದಲ್ಲಿ ನೆಲೆಸಿತು. ಉಪ್ಪಿಗೆ ಉಳಿದ ಮೂಲೆ ಸಿಕ್ಕಿತು.

ನಾನು ಅಡುಗೆಮನೆಗೆ ಓಡಿ ರಾಗಿಣಿ ಮೇಡಂಗೆ ಫೋನ್ ಮಾಡಿದೆ. "ವತ್ಸಲಾ, ಕೇಳೋಕೆ ಬಂದೋರ ಮನಸ್ಸು ನಿರಾಳ ಇರ್ಬೇಕು ಅಷ್ಟೆ. ನೀವೊಬ್ರು!" ಎಂದು ನಕ್ಕು ಇಟ್ಟರು.

ಶಿವಕ್ಕನ ಪ್ರಶ್ನೆ ಒಂದೇ. ಪಕ್ಕದ ಮನೆಯ ರಾಮಕ್ಕ ನಾಳೆ ಬೆಳಿಗ್ಗೆ ಮನೆ ಬಿಟ್ಟು ಕೆಂಗೇರಿಗೆ ಹೋಗುತ್ತಿದ್ದಾರೆ. ದಿನಾ ಪಾರ್ಕಿನಲ್ಲಿ ಜೊತೆಗೆ ನಡೆಯುತ್ತಿದ್ದ ಗೆಳತಿಯರು. ಈಗ ಮಾತಿಲ್ಲ.

"ಮನಿ ಬಿಡೋ ಸುದ್ದಿ ನನಗ ಯಾರು ಹೇಳಿದ್ರು ಗೊತ್ತೇನು? ಇಸ್ತ್ರಿ ಅಂಗಡಿಯವ! ಅವನಿಗೆ ಹೇಳಾಕ ಬಾಯಿ ಐತಿ, ನನಗ ಹೇಳಾಕ ಇಲ್ಲ. ಹೋಗೋದ್ರಾಗ ಬಂದು ಮಾತಾಡ್ತಾಳೋ ಇಲ್ಲೋ, ಅಷ್ಟು ನೋಡಿ ಹೇಳು."

"ನೀವೇ ಹೋಗಿ ಮಾತಾಡಿಸಬಹುದಲ್ವಾ?"

"ಯಾಕ ಹೋಗಲಿ? ತಪ್ಪು ಅಕಿದು." ಹಾಗೆಂದವರು ಸೆರಗಿನ ತುದಿಯನ್ನು ಸುರುಳಿ ಸುತ್ತತೊಡಗಿದರು. "ಆದ್ರ ನಾಳಿಂದ ಪಾರ್ಕಿಗೆ ಯಾರ ಕೂಡ ಹೋಗಲಿ ಹೇಳು."

ಮೂರು ಕಾರ್ಡು ತೆಗೆದರು. ಮೊದಲನೆಯದರಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕತ್ತಿಗಳ ನಡುವೆ ನಿಂತ ಹೆಂಗಸು. "ಇಕಿನೇ ರಾಮಕ್ಕ," ಎಂದರು ಶಿವಕ್ಕ. ಎರಡನೆಯದರಲ್ಲಿ ಚೆಲ್ಲಿದ ಬಟ್ಟಲುಗಳನ್ನು ನೋಡುತ್ತ ನಿಂತ ಕರಿ ನಿಲುವಂಗಿಯವರು. ಅವರ ಬೆನ್ನ ಹಿಂದೆ ಎರಡು ಬಟ್ಟಲು ನೆಟ್ಟಗಿವೆ. ಅದನ್ನು ಶಿವಕ್ಕ ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು. ಮೂರನೆಯದು ಮತ್ತೆ ಕತ್ತಿ.

ಬರುತ್ತಾರೆ ಎಂದುಬಿಟ್ಟರೆ ಶಿವಕ್ಕ ಕಾಯುತ್ತಾ ಕೂರುತ್ತಾರೆ. ಬರುವುದಿಲ್ಲ ಎಂದರೆ ರಾತ್ರಿಯೆಲ್ಲ ಅಳುತ್ತಾರೆ. ಕಾರ್ಡಿನಲ್ಲಂತೂ ಎರಡೂ ಇರಲಿಲ್ಲ. ನಾಲ್ಕು ಭೂತಗಳಲ್ಲಿ ಯಾವುದು ಬಂದಿಲ್ಲವೋ ಅದನ್ನೂ ಹೇಳಬೇಕು ಎಂದು ಮೇಡಂ ಕಲಿಸಿದ್ದು ನೆನಪಾಯಿತು.

"ಬರ್ತಾರೋ ಇಲ್ವೋ ನನಗೆ ಗೊತ್ತಾಗ್ತಾ ಇಲ್ಲ ಶಿವಕ್ಕ," ಎಂದೆ. "ಮಾತು ಇದೆ, ಮನಸ್ಸೂ ಇದೆ. ಮನೆ ಬಿಡ್ತಿದ್ದಾರೆ, ಭೂಮಿ ಇಲ್ಲದ್ದು ಸರಿ. ಆದ್ರೆ ಬೆಂಕೀನೂ ಇಲ್ಲ."

"ಬೆಂಕಿ ಇಲ್ಲ?"

"ಒಂದು ಕೋಲೂ ಬಂದಿಲ್ಲ ನೋಡಿ. ಅಂದ್ರೆ..."

"ಹೌದಲ್ಲ!" ಶಿವಕ್ಕ ಎದ್ದೇ ನಿಂತರು. "ಬೆಳಿಗ್ಗೇನೆ ಅಕಿ ಮಗ ಗ್ಯಾಸು, ಒಲಿ ಎಲ್ಲಾ ಆಟೋದಾಗ ಹಾಕ್ಕೊಂಡು ಹೋದ. ಹೊಸ ಮನ್ಯಾಗ ಹಾಲು ಉಕ್ಕಸಾಕ ಅಂತ. ನಾನು ಕಿಟಕ್ಯಾಗ ನೋಡೀನಿ. ರಾತ್ರಿಗೆ ಏನು ಉಣ್ತಾಳ ಅಕಿ? ಹೋಟೆಲಿಂದು ಅಕಿಗೆ ಆಗಂಗಿಲ್ಲ!"

"ಅಲ್ಲ ಶಿವಕ್ಕ, ಬೆಂಕಿ ಅಂದ್ರೆ ಇಲ್ಲಿ ಮೊದಲ ಹೆಜ್ಜೆ ಇಡೋ..."

ಕೇಳುವವರು ಆಗಲೇ ಗೇಟು ದಾಟಿದ್ದರು. ಗೋಪೀನಾಥ ಕಾಫಿ ಲೋಟ ಕೆಳಗಿಟ್ಟು, "ಕಾರ್ಡು ಹಾಕಿದ್ದು ನೀನು, ಭವಿಷ್ಯ ಹೇಳ್ಕೊಂಡಿದ್ದು ಅವರೇ," ಎಂದರು.

ದೀಪ ಹಚ್ಚುವ ಹೊತ್ತಿಗೆ ಶಿವಕ್ಕ ಬಿಸಿ ರೊಟ್ಟಿಯ ಡಬ್ಬಿ ಹಿಡಿದು ಬಂದು, "ನೀನೂ ಬಾ, ಒಬ್ಬಾಕಿನ ಹೋಗಂಗಿಲ್ಲ," ಎಂದು ನನ್ನ ಕೈ ಹಿಡಿದರು.

ರಾಮಕ್ಕ ಬಾಗಿಲು ತೆಗೆದು, ಡಬ್ಬಿ ನೋಡಿ, ನಮ್ಮಿಬ್ಬರನ್ನೂ ನೋಡಿದರು.

"ಓಹೋ. ಮಾತು ಬಿಟ್ಟೋರು ಬಂದ್ರು."

"ಮಾತಾಡಾಕ ಬಂದಿಲ್ಲ," ಎಂದರು ಶಿವಕ್ಕ ನನ್ನ ಕಡೆ ತಿರುಗಿ. "ವತ್ಸಲಾ, ಒಲಿ ಇಲ್ಲದ ಮನಿಗೆ ರೊಟ್ಟಿ ಕೊಡಾಕ ಬಂದೀನಿ ಅಂತ ಹೇಳು."

"ವತ್ಸಲಾ, ಪಲ್ಯ ಏನು ಅಂತ ಕೇಳು," ಎಂದರು ರಾಮಕ್ಕ.

"ಎಣಗಾಯಿ ಅಂತ ಹೇಳು."

ನಾನು ಇಬ್ಬರ ನಡುವೆ ಒಂದು ರಟ್ಟಿನ ಪೆಟ್ಟಿಗೆಯ ಮೇಲೆ ಕೂತು ಎಲ್ಲವನ್ನೂ ಚಾಚೂ ತಪ್ಪದೆ ಒಪ್ಪಿಸಿದೆ. ಒಂದು ಪದ ಬಿಟ್ಟುಹೋದರೂ ಕೆಲಸ ಕೆಟ್ಟೀತೆಂಬ ಭಯ. ರಾಮಕ್ಕ ಒಂದು ರೊಟ್ಟಿ ಮುರಿದು ಬಾಯಿಗಿಟ್ಟವರು ಅಗಿಯುವುದನ್ನೇ ನಿಲ್ಲಿಸಿದರು.

"ನಿಂಗೆ ಹೇಳಕ್ಕೆ ಅಂತ ಎಷ್ಟು ಸಲ ಬಂದೆ ಗೊತ್ತಾ? ನಿನ್ನ ಗೇಟಿನ ಹತ್ರ ಬಂದ್ರೆ ಅಳು ಬರೋದು ಕಣೇ. ಇಸ್ತ್ರಿಯವನ ಮುಂದೆ ಅಳು ಬರಲ್ಲ, ಅದಕ್ಕೇ ಅವನಿಗೆ ಹೇಳ್ದೆ."

ಇದನ್ನೂ ನಾನು ದಾಟಿಸಬೇಕೇ ಎಂದು ನನಗೆ ತಿಳಿಯಲಿಲ್ಲ. ಶಿವಕ್ಕ ಮೂಗು ಒರೆಸಿಕೊಂಡು ಇನ್ನೊಂದು ಪೆಟ್ಟಿಗೆ ಎಳೆದು ಕೂತರು.

"ಅತ್ತಿಗುಪ್ಪ್ಯಾಗ ಮೆಟ್ರೋ ಹತ್ತಿದ್ರ ಎಲ್ಲಿ ಇಳೀಬೇಕು? ಕೆಂಗೇರಿ ಅಂತ ಎರಡು ಸ್ಟೇಷನ್ ಅದಾವಂತಲ್ಲ?"

"ಬಸ್ ಟರ್ಮಿನಲ್ ಅಂತಾರಲ್ಲ, ಅಲ್ಲಿಳಿ. ಮುಂದಕ್ಕೆ ಹೋಗ್ಬಿಡ್ಬೇಡ. ನಾನು ಕೆಳಗಡೆ ನಿಂತಿರ್ತೀನಿ," ಎಂದರು ರಾಮಕ್ಕ, ನೇರವಾಗಿ ಅವರಿಗೇ.